ಕಥಾದೀಪವೂ ಅದರ ಹಲ್ಲುಚಕ್ರಗಳೂ

ಎಳೆಯ ಮಕ್ಕಳಿಗೆ ಕಥೆ ಹೇಳುವಲ್ಲಿ ಚಿತ್ರವು ಎಷ್ಟು ಸಹಾಯಕವೆಂಬುದನ್ನು ನಾವು ವಿವರಿಸಬೇಕಾದುದಿಲ್ಲ. ನಮ್ಮ ಮಂಡ್ಯದ ಸೀಮೆಯಲ್ಲಿ ತೊಗಲುಗೊಂಬೆಯವರು ದೀಪವನ್ನೂ ಪರದೆಯನ್ನೂ ಇಟ್ಟುಕೊಂಡು ರಾಮಾಯಣ ಭಾರತಗಳನ್ನು ತಲೆತಲಾಂತರದಿಂದ ತೋರಿಸುತ್ತ ಬಂದವರು. ಹಾಲೆಂಡ್ ದೇಶದ ಹೈಗೆನ್ಸ್ ಎಂಬ ವಿದ್ವಾಂಸನು 1659 ರ ಸುಮಾರಿಗೆ, ಗಾಜಿನ ಮೇಲೆ ಬರೆದ ಚಿತ್ರವನ್ನು ದೀಪದ ಮುಂದಿರಿಸಿ, ಅದರ ಮುಂದೆ ಮಸೂರವನ್ನಿಟ್ಟು, ಗೋಡೆಯ ಮೇಲೆ ದೊಡ್ಡದಾಗಿ ಬೀಳಿಸುವ ಉಪಾಯವನ್ನು ಕಂಡುಕೊಂಡನು. ಇದೇ ಮ್ಯಾಜಿಕ್ ಲಾಂಟರ್ನ್. ಮಿಷನರಿಗಳು ಹಳ್ಳಿಹಳ್ಳಿಗೆ ಹೊತ್ತು ತಿರುಗಿದ ದೀಪವೂ ಇದೇ. ಅನಂತರ ಗಾಜಿನ ಬದಲಾಗಿ, ಒಂದು ಕಥೆಯ ಚಿತ್ರಗಳೆಲ್ಲವನ್ನೂ ಸಾಲಾಗಿ ಹೊತ್ತ 35 ಮಿಲಿಮೀಟರ್ ಅಗಲದ ಫಿಲ್ಮಿನ ಪಟ್ಟಿ ಬಂದಿತು. ಇಂಥ ಪಟ್ಟಿಯನ್ನು ತೋರಿಸುವ ಒಂದು ಚಿಕ್ಕ ಯಂತ್ರವು ನಮ್ಮ ಶಾಲೆಯ ಬೀರುವಿನಲ್ಲಿಯೂ ಇದೆ.

ಹಿಂದಿನ ವರ್ಷದ ರಜೆಯಲ್ಲಿ ನಮ್ಮ ವಿದ್ಯಾರ್ಥಿನಿಯರು ಈ ಯಂತ್ರವನ್ನು ತೆಗೆದುಕೊಂಡು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಕೆಲವು ಹಳ್ಳಿಗಳಿಗೆ ಹೋಗಿದ್ದರು. ನಾಗಮಂಗಲದ ಕಡೆಯ ಒಂದು ಹಳ್ಳಿಯಲ್ಲಿ, ಕಳೆದುಹೋದ ಕುರಿಯ ಸಾಮ್ಯವನ್ನು ಹೇಳುತ್ತಿರಲು, ಕುರುಬನು ಕುರಿಯನ್ನು ಅರಸುತ್ತ ಕತ್ತಲೆಯಲ್ಲಿ ಹೊರಟ ಚಿತ್ರಕ್ಕೆ ಸರಿಯಾಗಿ ಪಟ್ಟಿಯು ಸಿಕ್ಕಿಕೊಂಡು ಹರಿದುಹೋಯಿತು. ಮಕ್ಕಳಲ್ಲಿ ಗದ್ದಲವೆದ್ದಿತು, ಕಥೆ ಮುಗಿಯಲಿಲ್ಲ. ಮರುದಿನ ಬೆಳಗ್ಗೆ ಆರು ವರ್ಷದ ಒಬ್ಬ ಹುಡುಗಿಯು ಬಂದು ನಮ್ಮ ವಿದ್ಯಾರ್ಥಿನಿಯ ಸೆರಗನ್ನು ಹಿಡಿದು, "ಅಕ್ಕಾ, ಆ ಕುರಿ ಸಿಕ್ತಾ?" ಎಂದು ಕೇಳಿದಳಂತೆ. ಆ ಮಗುವು ರಾತ್ರಿಯೆಲ್ಲ ಅದೇ ಚಿಂತೆಯಲ್ಲಿದ್ದಿತೆಂದು ಕೇಳಿ ನಮಗೆ ಬಹಳ ವ್ಯಸನವಾಯಿತು.

ಯಂತ್ರವನ್ನು ದುರಸ್ತಿಗೆ ಒಯ್ದರೆ ಅಂಗಡಿಯವರು, ಇದು ಹಳೆಯದು, ಹೊಸದನ್ನು ಕೊಳ್ಳಿರಿ, ಹೆಣ್ಣುಮಕ್ಕಳು ಬಿಚ್ಚಿ ನೋಡುವ ಪದಾರ್ಥ ಇದಲ್ಲ ಎಂದರು. ಈ ಕಡೆಯ ಮಾತೇ ನಮ್ಮ ಹತ್ತನೆಯ ತರಗತಿಯವರನ್ನು ಕೆಣಕಿತು. ನಾವು ಅನುಮತಿಯಿತ್ತೆವು, ಅವರು ಬಿಚ್ಚಿದರು.

ದೋಷವು ಎಲ್ಲಿತ್ತೆಂದರೆ: ಪಟ್ಟಿಯ ಎರಡು ಅಂಚುಗಳಲ್ಲಿಯೂ 4.75 ಮಿಲಿಮೀಟರಿಗೊಂದರಂತೆ ರಂಧ್ರಗಳಿವೆ. ಒಂದು ಚಿತ್ರಕ್ಕೆ ನಾಲ್ಕು ರಂಧ್ರ, ಅಂದರೆ 19 ಮಿಲಿಮೀಟರು. ಈ ರಂಧ್ರಗಳಲ್ಲಿ ಹೊಕ್ಕು ಪಟ್ಟಿಯನ್ನೆಳೆಯುವ ಚಕ್ರಕ್ಕೆ 16 ಹಲ್ಲುಗಳು. ಆದುದರಿಂದ ಚಕ್ರವು ಸರಿಯಾಗಿ ಕಾಲು ಸುತ್ತು ತಿರುಗಿದರೆ ಒಂದು ಚಿತ್ರ ಹೋಗಿ ಮತ್ತೊಂದು ಬರುವುದು. ನಮ್ಮ ಯಂತ್ರದಲ್ಲಿ ಹಿಡಿಯು ಈ ಚಕ್ರಕ್ಕೇ ನೇರವಾಗಿ ಕೂಡಿದ್ದಿತು. ಕಾಲು ಸುತ್ತನ್ನು ಕಣ್ಣಂದಾಜಿನಲ್ಲಿ ತಿರುಗಿಸುವವರು 10 ಡಿಗ್ರಿ ತಪ್ಪಿದರೆ ಪಟ್ಟಿಯು 2 ಮಿಲಿಮೀಟರು ತಪ್ಪುವುದು. ಚಿತ್ರವು ನಲವತ್ತು ಪಾಲು ದೊಡ್ಡದಾಗಿ ಬೀಳುವುದರಿಂದ ಗೋಡೆಯ ಮೇಲೆ ಅದು 8 ಸೆಂಟಿಮೀಟರು. ಕುರುಬನ ತಲೆ ಕೆಳಗೆ, ಕಾಲು ಮೇಲೆ! ಅದನ್ನು ಸರಿಪಡಿಸಲು ಹಿಂದಕ್ಕೂ ಮುಂದಕ್ಕೂ ತಿರುವಿ ತಿರುವಿ ರಂಧ್ರಗಳು ಸವೆದು, ಕಡೆಗೆ ಹರಿದವು.

ಮೊದಲನೆಯ ಉಪಾಯವು ಹಲ್ಲುಚಕ್ರಗಳ ಜೋಡಿ. ಆಲೆಮನೆಯ ಗಾಣದಲ್ಲಿ ಒಂದು ಉರುಳೆಯ ಹಲ್ಲು ಮತ್ತೊಂದರ ಹಲ್ಲನ್ನು ಹಿಡಿದು ತಿರುಗಿಸುವುದನ್ನು ಪಾಂಡವಪುರದ ಹುಡುಗಿಯರು ನೋಡಿದ್ದರು. ಹಿಡಿಯ ಕಡೆಗೆ 12 ಹಲ್ಲಿನ ಚಿಕ್ಕ ಚಕ್ರ, ಪಟ್ಟಿಯ ಕಡೆಗೆ 48 ಹಲ್ಲಿನ ದೊಡ್ಡ ಚಕ್ರವಿದ್ದರೆ, ಹಿಡಿಯ ಒಂದು ಪೂರ್ಣ ಸುತ್ತಿಗೆ ಪಟ್ಟಿಯ ಚಕ್ರವು ಕಾಲು ಸುತ್ತು ಮಾತ್ರ ತಿರುಗುವುದು. ತಪ್ಪೂ ನಾಲ್ಕನೆಯ ಒಂದು ಪಾಲಾಗಿ, ಗೋಡೆಯ ಮೇಲಣ 8 ಸೆಂಟಿಮೀಟರು 2 ಆಗುವುದು. ಆದರೆ ಹಲ್ಲುಗಳು ಬಿಗಿಯಾದರೆ ಉಜ್ಜುವುವು, ಸಡಿಲಾದರೆ ಚಿತ್ರವು ಅಲುಗುವುದು. ತೆಳುವಾದ ಕಾಗದವೊಂದನ್ನು ಹಲ್ಲುಗಳ ನಡುವೆ ಇರಿಸಿ ಜೋಡಿಸಿ, ಬಳಿಕ ಅದನ್ನು ತೆಗೆದರೆ ತಕ್ಕ ಸಡಿಲು ದೊರೆಯುವುದು. ಹೀಗಿದ್ದರೂ ತಪ್ಪು ಕಡಮೆಯಾಯಿತೇ ಹೊರತು ತೊಲಗಲಿಲ್ಲ.

ಎರಡನೆಯ ಉಪಾಯವು ಜಿನೀವಾ ಚಕ್ರ. ಗಡಿಯಾರದ ಕೆಲಸಗಾರರಿಂದ ಬಂದ ಇದನ್ನು 1896 ರಲ್ಲಿ ಇಂಗ್ಲೆಂಡಿನ ರಾಬರ್ಟ್ ಪಾಲ್ ಎಂಬಾತನು ಸಿನಿಮಾ ಯಂತ್ರದಲ್ಲಿ ಬಳಸಿದನು. ಪಟ್ಟಿಯ ಚಕ್ರದ ಅಚ್ಚಿಗೆ ನಾಲ್ಕು ಸೀಳುಗಳುಳ್ಳ ಒಂದು ತಗಡು. ಆಕಾರದಿಂದ ಅದಕ್ಕೆ ಮಾಲ್ಟಾದ ಶಿಲುಬೆಯೆಂದೂ ಹೆಸರು. ಹಿಡಿಯ ಅಚ್ಚಿಗೆ ಒಂದು ಮೊಳೆಯುಳ್ಳ ಬಿಲ್ಲೆ. ಹಿಡಿಯನ್ನು ತಿರುಗಿಸಿದಾಗ ಮೊಳೆಯು ಒಂದು ಸೀಳನ್ನು ಹೊಕ್ಕು, ಶಿಲುಬೆಯನ್ನು ಸರಿಯಾಗಿ ಕಾಲು ಸುತ್ತು ತಿರುಗಿಸಿ ಹೊರಬರುವುದು. ಉಳಿದ ಮುಕ್ಕಾಲು ಸುತ್ತಿನಲ್ಲಿ ಬಿಲ್ಲೆಯ ದುಂಡಾದ ಅಂಚು ಶಿಲುಬೆಯ ತಗ್ಗಿನಲ್ಲಿ ಕುಳಿತು ಅದನ್ನು ಅಲುಗದಂತೆ ಹಿಡಿದಿರುವುದು. ಆದುದರಿಂದ ಮಗುವಿನ ಕೈ ಈ ಮುಕ್ಕಾಲು ಸುತ್ತಿನಲ್ಲಿ ಎಲ್ಲಿ ನಿಂತರೂ ಚಿತ್ರವು ತನ್ನ ಸ್ಥಾನದಲ್ಲಿಯೇ ನಿಲ್ಲುವುದು. ಹಲ್ಲುಚಕ್ರವು ತಪ್ಪನ್ನು ಚಿಕ್ಕದು ಮಾಡಿತು. ಇದು ತಪ್ಪನ್ನು ಕ್ಷಮಿಸುವುದು.

ಅಳತೆಯಲ್ಲಿ ಒಂದು ಎಚ್ಚರಿಕೆ ಬೇಕು. ಮೊಳೆಯು ಬಿಲ್ಲೆಯ ನಡುವಿನಿಂದ 10 ಮಿಲಿಮೀಟರು ದೂರದಲ್ಲಿದ್ದರೆ ಎರಡು ಅಚ್ಚುಗಳ ಅಂತರವು 14.1 ಮಿಲಿಮೀಟರಿರಬೇಕು. ಆಗಲೇ ಮೊಳೆಯು ಸೀಳನ್ನು ನೇರವಾಗಿ ಹೊಗುವುದು. ಇಲ್ಲವಾದರೆ ಬಡಿದು ಪಟ್ಟಿಯನ್ನು ಜಗ್ಗುವುದು. ಹುಡುಗಿಯರು ಮೊದಲು ರಟ್ಟಿನಲ್ಲಿ ಕತ್ತರಿಸಿ ಎರಡು ಸಲ ಸೋತರು. ಅಂತರವು ಒಂದು ಮಿಲಿಮೀಟರು ತಪ್ಪಿದ್ದಿತು. ಮೂರನೆಯ ಸಲ ಸರಿಯಾಯಿತು. ಬಳಿಕ ಲೇತಿನವರಿಂದ ಹಿತ್ತಾಳೆಯಲ್ಲಿ ಮಾಡಿಸಿದೆವು. ಬಿಸಿಯಾಗುತ್ತಿದ್ದ ಹಳೆಯ ಬಲ್ಬನ್ನು ತೆಗೆದು ಎಲ್‌ಇಡಿ ದೀಪವನ್ನು ಹಾಕಿದೆವು. ಈಗ ಒಂದೇ ಚಿತ್ರವನ್ನು ಬಹಳ ಹೊತ್ತು ನಿಲ್ಲಿಸಿದರೂ ಪಟ್ಟಿಯು ಮುರುಟುವುದಿಲ್ಲ. ಎಣ್ಣೆಯನ್ನು ಅಚ್ಚಿಗೆ ಒಂದು ತೊಟ್ಟಿಗಿಂತ ಹೆಚ್ಚು ಬಿಡಬಾರದು. ಪಟ್ಟಿಗೆ ತಾಗಿದರೆ ಧೂಳೆಲ್ಲ ಅಂಟುವುದು.

ಮೊಬೈಲಿನಲ್ಲಿ ಸಾವಿರ ಕಥೆಗಳಿರುವ ಈ ಕಾಲದಲ್ಲಿ ಇಷ್ಟು ಶ್ರಮವೇಕೆಂದು ಕೆಲವರು ಕೇಳಿದ್ದುಂಟು. ಅಲ್ಲಿ ಚಿತ್ರವು ತನ್ನಷ್ಟಕ್ಕೆ ತಾನು ಓಡುವುದು. ಇಲ್ಲಿ ಮಗುವು ಪ್ರಶ್ನೆ ಕೇಳಿದರೆ ಚಿತ್ರವು ನಿಂತು ಕಾಯುವುದು. ಹಿಡಿಯನ್ನು ತಿರುಗಿಸುವ ಸರದಿಯೂ ಮಕ್ಕಳದೇ.

ಈ ವರ್ಷದ ರಜೆಯಲ್ಲಿ ನಮ್ಮವರು ಮತ್ತೆ ಅದೇ ಹಳ್ಳಿಗೆ ಹೋದರು. ಹಿಡಿಯನ್ನು ತಿರುಗಿಸಿದವಳು ಆ ಚಿಕ್ಕ ಹುಡುಗಿಯೇ; ಕುರಿಯು ಕುರುಬನ ಹೆಗಲೇರಿದ ಚಿತ್ರವನ್ನು ಅವಳು ಬಹಳ ಹೊತ್ತು ಮುಂದಕ್ಕೆ ಬಿಡಲಿಲ್ಲವಂತೆ. ನಮ್ಮ ಶಾಲೆಯಿಂದ ಹೊರಡುವ ವಿದ್ಯಾರ್ಥಿನಿಯರೇ, ಮುಚ್ಚಿದ ಪೆಟ್ಟಿಗೆಯನ್ನು ಕಂಡು ಹಿಂಜರಿಯಬೇಡಿರಿ. ಬಿಚ್ಚಿ ನೋಡಿರಿ, ಅಳೆಯಿರಿ, ಸೋತರೆ ಮತ್ತೆ ಅಳೆಯಿರಿ. ನಿಮ್ಮ ಕೈಕೆಲಸವನ್ನು ದೇವರು ಆಶೀರ್ವದಿಸಲಿ.