ಹಿಟ್ಟಿಲ್ಲ, ಬೆಣ್ಣೆಯಿಲ್ಲ, ಬಿಸ್ಕತ್ತುಂಟು

ಪುಣೆಯಲ್ಲಿ 1874ರಲ್ಲಿ ಅಚ್ಚಾದ ಒಂದು ಪುಸ್ತಕದ ಚಿತ್ರಗಳಲ್ಲಿ ಸೀರೆಯುಟ್ಟ ಹೆಂಗಸರು ನೆಲದ ಮೇಲೆ ಕೂತು ಹಿಟ್ಟು ಕಲಸುತ್ತಾರೆ, ಲಟ್ಟಿಸುತ್ತಾರೆ, ಬೇಯಿಸುತ್ತಾರೆ. ಹೋಳಿಗೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಕು, ಹಾಗಿದೆ ಅವರು ಕೂತಿರುವ ರೀತಿ. ಆದರೆ ಅವರು ಮಾಡುತ್ತಿರುವುದು ಮತ್ಸಾ, ಅಂದರೆ ಯಹೂದಿಗಳ ಪಾಸೋವರ್ ಹಬ್ಬದ ಹುಳಿಯಿಲ್ಲದ ರೊಟ್ಟಿ. ಪುಸ್ತಕ ಹಗ್ಗಾದಾ. ಪಾಸೋವರ್ ರಾತ್ರಿ ಮನೆಮಂದಿಯೆಲ್ಲ ಊಟಕ್ಕೆ ಕೂತಾಗ ಓದುವ ಈ ಗ್ರಂಥವನ್ನು ತಾಳ್ಕರ್ ಮನೆತನದವರು ಹೀಬ್ರೂ ಮೂಲಕ್ಕೆ ಮರಾಠಿ ಅನುವಾದ ಸೇರಿಸಿ ಹೊರತಂದರು. ಲಂಡನ್, ಆಮ್‌ಸ್ಟರ್‌ಡ್ಯಾಮ್‌ಗಳ ಹಗ್ಗಾದಾಗಳನ್ನು ಮಾದರಿಯಾಗಿಟ್ಟುಕೊಂಡರೂ ಅಡುಗೆಮನೆಯನ್ನು ಮಾತ್ರ ಅವರು ತಮ್ಮದನ್ನೇ ಬರೆಸಿದರು. ಹಬ್ಬ ಯಾವ ದೇಶದಿಂದ ಬಂದದ್ದಾದರೂ ಅದರ ಅಡುಗೆ ನಡೆಯುವುದು ಇಲ್ಲಿನ ನೆಲದ ಮೇಲೆ, ಇಲ್ಲಿ ಸಿಗುವ ಸಾಮಾನಿನಿಂದ. ಪುಣೆಯಲ್ಲಿ ಯಹೂದಿ ಹಬ್ಬಕ್ಕೆ ಮನೆಯಲ್ಲೇ ಬಿಸ್ಕತ್ತು ಸುಡುವುದು ಹೇಗೆಂದು ಬರೆಯಲು ಹೊರಟಾಗ ನನಗೆ ಮೊದಲು ನೆನಪಾದದ್ದು ಈ ಚಿತ್ರಗಳು.

ಮರಾಠಿ ಮಾತಾಡುವ ಈ ಯಹೂದಿಗಳು ಬೆನೆ ಇಸ್ರೇಲರು. ಹಡಗು ಒಡೆದು ಅಲಿಬಾಗ್ ಬಳಿಯ ನವಗಾಂವ್ ತೀರ ಸೇರಿದ ಏಳು ದಂಪತಿಗಳ ಸಂತತಿ ತಾವು ಎಂಬುದು ಅವರಲ್ಲಿ ತಲೆಮಾರುಗಳಿಂದ ಬಂದ ಮಾತು. ಕೊಂಕಣದ ಹಳ್ಳಿಗಳಲ್ಲಿ ಗಾಣದ ಕಸುಬು ಮಾಡುತ್ತಿದ್ದರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಊರವರು ಅವರನ್ನು ‘ಶನಿವಾರ ತೇಲಿ’ ಎಂದರು. ಬ್ರಿಟಿಷರ ಕಾಲದಲ್ಲಿ ಸೈನ್ಯ, ರೈಲ್ವೆ ನೌಕರಿಗಳ ಜೊತೆಗೆ ಅನೇಕರು ಪುಣೆಗೆ ಬಂದರು. ರಾಸ್ತಾ ಪೇಠೆಯ ಸುಕ್ಕತ್ ಶೆಲೋಮೋ ಸಿನಗಾಗ್ ಅವರದು. ಪುಣೆಯ ಕ್ಯಾಂಪ್ ಪ್ರದೇಶದಲ್ಲಿ ಎತ್ತರದ ಗೋಪುರ ಹೊತ್ತು ನಿಂತ ಕೆಂಪು ಇಟ್ಟಿಗೆಯ ಓಹೆಲ್ ಡೇವಿಡ್ ಸಿನಗಾಗನ್ನು ಕಟ್ಟಿಸಿದ್ದು ಬಾಗ್ದಾದಿನಿಂದ ಬಂದು ಮುಂಬಯಿಯಲ್ಲಿ ನೆಲೆನಿಂತ ಡೇವಿಡ್ ಸಸೂನ್. 1867ರಲ್ಲಿ ಮುಗಿದ ಆ ಕಟ್ಟಡವನ್ನು ಪುಣೆಯವರು ಇಂದಿಗೂ ‘ಲಾಲ್ ದೇವಳ್’ ಎಂದೇ ಕರೆಯುತ್ತಾರೆ. ರಿಕ್ಷಾದವರಿಗೂ ಅದೇ ಹೆಸರು ಹೇಳಬೇಕು.

ಲಾಲ್ ದೇವಳದಿಂದ ಸ್ವಲ್ಪ ನಡೆದರೆ ಈಸ್ಟ್ ಸ್ಟ್ರೀಟಿನ ಕಯಾನಿ ಬೇಕರಿ, ಅದರ ಶ್ರೂಸ್‌ಬರಿ ಬಿಸ್ಕತ್ತಿಗೆ ನಿಲ್ಲುವ ಸಾಲು. ಇರಾನಿ ಬೇಕರಿಗಳ ಈ ಊರಿನಲ್ಲಿ ಬಿಸ್ಕತ್ತಿಗೆ ಬರವಿಲ್ಲ. ಆದರೂ ಹಬ್ಬದ ನಿಯಮ ಪಾಲಿಸುವ ಯಹೂದಿ ಮನೆಯವರು ತಮಗೆ ಬೇಕಾದ್ದನ್ನು ತಾವೇ ಸುಟ್ಟುಕೊಳ್ಳಬೇಕಾಗುತ್ತದೆ. ಕಾರಣ ಎರಡು ನಿಯಮಗಳಲ್ಲಿದೆ.

ಮೊದಲನೆಯದು ವರ್ಷವಿಡೀ ಇರುವುದು. ಮಾಂಸವನ್ನೂ ಹಾಲನ್ನೂ ಬೆರೆಸಬಾರದು; ಎರಡಕ್ಕೂ ಬೇರೆ ಬೇರೆ ಪಾತ್ರೆ. ಮಾಂಸದೂಟವಾದ ಮೇಲೆ ಇಂತಿಷ್ಟು ಹೊತ್ತು ಕಳೆಯದೆ ಹಾಲಿನ ಪದಾರ್ಥ ತಿನ್ನುವಂತಿಲ್ಲ. ಹಬ್ಬದೂಟದಲ್ಲಿ ಮಾಂಸ ಇರುವುದೇ ಹೆಚ್ಚು. ಹಾಗಾಗಿ ಊಟದ ಕೊನೆಗೆ ಬರುವ ಸಿಹಿ ಬೆಣ್ಣೆ, ತುಪ್ಪ, ಹಾಲಿನ ಪುಡಿ ಯಾವುದನ್ನೂ ಸೋಕಿರಬಾರದು. ಇಂಥ ತಟಸ್ಥ ತಿನಿಸಿಗೆ ಪಾರ್ವೆ ಎನ್ನುತ್ತಾರೆ. ಮೊಟ್ಟೆ, ಹಣ್ಣು, ತರಕಾರಿ, ಧಾನ್ಯ, ಎಣ್ಣೆ ಪಾರ್ವೆ. ಬೆಣ್ಣೆಯಿಂದಾದ ಶ್ರೂಸ್‌ಬರಿಯಾಗಲಿ ತುಪ್ಪದ ನಾನ್‌ಖಟಾಯಿಯಾಗಲಿ ಪಾರ್ವೆಯಲ್ಲ. ಪೊಟ್ಟಣದ ಮೇಲಿನ ಹಸಿರು ಚುಕ್ಕಿಯೂ ಇಲ್ಲಿ ಸಾಲದು. ಒಳಗೆ ಮಾಂಸ, ಮೊಟ್ಟೆ ಇಲ್ಲವೆಂದು ಅದು ಹೇಳುತ್ತದೆಯೇ ಹೊರತು ಹಾಲಿನ ಸುದ್ದಿ ಎತ್ತುವುದಿಲ್ಲ. ಮಾರ್ಗರಿನ್‌ನಲ್ಲೂ ಹಾಲಿನ ಅಂಶ ಸೇರಿರಬಹುದು, ಪಟ್ಟಿ ಓದಿಯೇ ಕೊಳ್ಳಬೇಕು.

ಎರಡನೆಯದು ಪಾಸೋವರ್‌ನದು, ಇನ್ನೂ ಬಿಗಿ. ಈಜಿಪ್ಟಿನ ದಾಸ್ಯದಿಂದ ಹೊರಟವರಿಗೆ ಹಿಟ್ಟು ಹುಳಿಯುವಷ್ಟೂ ಪುರುಸೊತ್ತಿರಲಿಲ್ಲ ಎಂಬ ನೆನಪಿಗೆ ಎಂಟು ದಿನ (ಇಸ್ರೇಲಿನಲ್ಲಿ ಏಳು) ಹುದುಗು ಬಂದ ಧಾನ್ಯ ನಿಷಿದ್ಧ. ಗೋಧಿ, ಜವೆಗೋಧಿ, ರೈ, ಓಟ್ಸ್, ಸ್ಪೆಲ್ಟ್, ಈ ಐದರ ಹಿಟ್ಟಿಗೆ ನೀರು ಬಿದ್ದು 18 ನಿಮಿಷದೊಳಗೆ ಒಲೆ ಕಂಡು ಬೆಂದರೆ ಮತ್ಸಾ. ಕಲಸಿದ್ದನ್ನು ಅದಕ್ಕಿಂತ ಹೆಚ್ಚು ಹೊತ್ತು ಸುಮ್ಮನೆ ಬಿಟ್ಟರೆ ಹಮೇತ್ಸ್, ಮನೆಯಲ್ಲೇ ಇಟ್ಟುಕೊಳ್ಳಬಾರದ್ದು. ಹೀಗಾಗಿ ಮೈದಾ, ರವೆ, ಬ್ರೆಡ್ಡು, ಮಾಮೂಲಿ ಬಿಸ್ಕತ್ತು ಎಲ್ಲ ಹಬ್ಬಕ್ಕೆ ಮೊದಲೇ ಹೊರಬೀಳುತ್ತವೆ. ಬೆನೆ ಇಸ್ರೇಲ್ ಮನೆಗಳಲ್ಲಿ ಹಿಂದೆ ಹುಳಿ ವ್ಯಂಜನದ ಭರಣಿಯನ್ನೂ ಮುಚ್ಚಿಡುತ್ತಿದ್ದರು. ಹಬ್ಬಕ್ಕೆ ಅವರಿಟ್ಟ ಮರಾಠಿ ಹೆಸರೇ ಭರಣಿ ಮುಚ್ಚುವ ಹಬ್ಬ ಎಂದಿತ್ತು.

ಇದನ್ನೆಲ್ಲ ಓದಿ ಕನ್ನಡದ ಓದುಗರು, ಅದರಲ್ಲೂ ಮಾಧ್ವ ಮನೆಗಳಲ್ಲಿ ಬೆಳೆದವರು, ಬೆರಗಾಗುವುದಿಲ್ಲ. ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ಶಾಕವ್ರತ, ಇನ್ನೊಂದು ತಿಂಗಳು ದಧಿವ್ರತ, ಆಮೇಲೆ ಕ್ಷೀರವ್ರತ, ಕೊನೆಗೆ ದ್ವಿದಳ ವ್ರತ. ಹಾಲು ಬಿಟ್ಟ ತಿಂಗಳಲ್ಲಿ ಪಾಯಸಕ್ಕೆ ಕಾಯಿಹಾಲು, ಬೇಳೆ ಬಿಟ್ಟ ತಿಂಗಳಲ್ಲಿ ಕಾಳುಮೆಣಸಿನ ಸಾರು. ನಮ್ಮ ಅಜ್ಜಿಯಂದಿರು ಬಿಟ್ಟದ್ದಕ್ಕಾಗಿ ಕೊರಗಲಿಲ್ಲ, ಉಳಿದದ್ದರಲ್ಲಿ ರುಚಿ ಹುಡುಕಿದರು. ಫಲಾಹಾರಕ್ಕೆ ಅನ್ನ ಬೇಡ, ರವೆಯ ಉಪ್ಪಿಟ್ಟು ಆದೀತು ಎನ್ನುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಪಾಸೋವರ್‌ನಲ್ಲಿ ಇದು ತಿರುವುಮುರುವು: ರವೆ ಬೇಡ, ಅಕ್ಕಿ ಆದೀತು. ಅದೂ ಎಲ್ಲರಿಗಲ್ಲ. ಯುರೋಪಿನ ಅಶ್ಕೆನಾಜಿ ಯಹೂದಿಗಳು ಅಕ್ಕಿ, ಮೆಕ್ಕೆಜೋಳ, ಕಾಳುಬೇಳೆಗಳನ್ನೂ ಬಿಡುತ್ತಾರೆ. ನಮ್ಮ ದ್ವಿದಳ ವ್ರತಕ್ಕೆ ತುಂಬ ಹತ್ತಿರದ ಪದ್ಧತಿ ಅದು. ಬೆನೆ ಇಸ್ರೇಲರು ಅಕ್ಕಿ ಉಣ್ಣುತ್ತಾರೆ. ಪಾಸೋವರ್‌ನಲ್ಲಿ ಅಕ್ಕಿ ಉಣ್ಣುವ ಸಮುದಾಯಗಳಲ್ಲಿ ಗೋಧಿಕಾಳು ಸೇರಿಕೊಂಡಿರದಂತೆ ಅಕ್ಕಿಯನ್ನು ಮೂರು ಸಲ ಆರಿಸುವ ರೂಢಿಯಿದೆ.

ಇನ್ನು ತೆಂಗಿನಕಾಯಿ. ಬೆನೆ ಇಸ್ರೇಲ್ ಅಡುಗೆಯ ಜೀವ ಅದು. ಮಾಂಸದ ಸಾರಿಗೆ ಮೊಸರು ಸೇರಿಸುವಂತಿಲ್ಲ ಎಂದಾಗ ಕೊಂಕಣದ ಕಾಯಿಹಾಲು ಒದಗಿ ಬಂತು. ಹೊಸ ವರ್ಷವಾದ ರೋಶ್ ಹಶಾನಾಕ್ಕೆ ಅವರು ಮಾಡುವ ಚಿಕ್ ಹಲ್ವಾ ನೋಡಿ. ಗೋಧಿ ನೆನೆಸಿ, ರುಬ್ಬಿ, ಹಾಲು ತೆಗೆದು, ತಳದಲ್ಲಿ ಕೂತ ಗಸಿಯನ್ನು ಕಾಯಿಹಾಲು, ಸಕ್ಕರೆ ಜೊತೆ ಕೈಬಿಡದೆ ಮಗುಚಿ, ತಟ್ಟೆಗೆ ಸುರಿದು ವಜ್ರಾಕಾರಕ್ಕೆ ಕೊಯ್ಯುತ್ತಾರೆ. ನಮ್ಮ ಹಾಲುಬಾಯಿಯ ಒಡಹುಟ್ಟಿದಂತಿರುವ ಈ ಸಿಹಿಯಲ್ಲಿ ಹಸುವಿನ ಹಾಲು ಒಂದು ಹನಿಯೂ ಇಲ್ಲ, ಮಟನ್ ಊಟದ ಮೇಲೂ ನಿಶ್ಚಿಂತೆಯಿಂದ ತಿನ್ನಬಹುದು. ಬಿಸ್ಕತ್ತಿಗೂ ಇದೇ ದಾರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪರದೇಶದ ಪುಸ್ತಕಗಳು ಹೇಳುವ ಮತ್ಸಾ ಹುಡಿ, ಆಲೂಗಡ್ಡೆ ಪಿಷ್ಟ ಅರಸಿಕೊಂಡು ಪುಣೆಯಲ್ಲಿ ಅಲೆಯುವ ಅಗತ್ಯವೇ ಇಲ್ಲ. ರವಿವಾರ ಪೇಠೆಯ ಕಿರಾಣಿ ಅಂಗಡಿಯಲ್ಲಿ ಕೊಬ್ಬರಿ, ಬಾದಾಮಿ, ಏಲಕ್ಕಿ ಸಿಗುತ್ತವೆ. ಹಿಟ್ಟಿಲ್ಲದ, ಬೆಣ್ಣೆಯಿಲ್ಲದ ಬಿಸ್ಕತ್ತಿಗೆ ಇವಕ್ಕಿಂತ ಹೆಚ್ಚೇನೂ ಬೇಡ.

ಕೊಬ್ಬರಿ ಮ್ಯಾಕರೂನ್ ಜಗತ್ತಿನ ಬಹಳಷ್ಟು ಯಹೂದಿ ಮನೆಗಳಲ್ಲಿ ಪಾಸೋವರ್ ತಿನಿಸು. ಮೂರು ಮೊಟ್ಟೆಯ ಬಿಳಿ, 150 ಗ್ರಾಂ ಸಕ್ಕರೆ, 250 ಗ್ರಾಂ ಒಣಕೊಬ್ಬರಿ ತುರಿ, ಚಿಟಿಕೆ ಉಪ್ಪು, ನಾಲ್ಕು ಏಲಕ್ಕಿಯ ಪುಡಿ. ಮೊಟ್ಟೆಯನ್ನು ನೇರ ಪಾತ್ರೆಗೆ ಒಡೆಯಬಾರದು. ಒಂದೊಂದನ್ನೇ ಗಾಜಿನ ಲೋಟಕ್ಕೆ ಒಡೆದು ಬೆಳಕಿಗೆ ಹಿಡಿದು ನೋಡಬೇಕು. ರಕ್ತದ ಚುಕ್ಕೆ ಕಂಡರೆ ಆ ಮೊಟ್ಟೆ ಕೋಶರ್ ಅಲ್ಲ, ಅಂದರೆ ಯಹೂದಿ ಆಹಾರ ನಿಯಮಕ್ಕೆ ಒಪ್ಪುವುದಿಲ್ಲ, ಚೆಲ್ಲಬೇಕು; ಲೋಟಕ್ಕೆ ಒಡೆದಿದ್ದರೆ ಉಳಿದವು ಕೆಡುವುದಿಲ್ಲ. ಬಿಳಿಗೆ ಸಕ್ಕರೆ, ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಕೊಬ್ಬರಿ ಜೊತೆ ಒಂದೆರಡು ನಿಮಿಷ ಕೈಯಾಡಿಸಿ. ಬೆರಳಿಗೆ ಬೆಚ್ಚಗೆ ತಾಗುವಷ್ಟು ಬಿಸಿ ಸಾಕು, ಮೊಟ್ಟೆ ಗಟ್ಟಿಯಾಗಬಾರದು. ಸಕ್ಕರೆ ಕರಗಿ ಕೊಬ್ಬರಿ ಎಳೆಗಳೆಲ್ಲ ಮಿರುಗತೊಡಗಿದಾಗ ಇಳಿಸಿ, ಏಲಕ್ಕಿ ಬೆರೆಸಿ, ಅರ್ಧ ಗಂಟೆ ಬಿಡಿ. ಒದ್ದೆ ಕೈಯಲ್ಲಿ ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ 170 ಡಿಗ್ರಿಯಲ್ಲಿ 18ರಿಂದ 20 ನಿಮಿಷ ಸುಡಿ. ಅಂಚು ಕಂದಾದರೆ ಆಯಿತು. ಬಿಸಿಯಲ್ಲಿ ಮೆತ್ತಗೇ ಇರುತ್ತದೆ, ಮುಟ್ಟದೆ ಆರಲು ಬಿಡಬೇಕು. ಹಸಿ ತುರಿಯೇ ಬೇಕೆಂದಿದ್ದರೆ ಬಾಣಲೆಯಲ್ಲಿ ಬಣ್ಣ ತಿರುಗದಂತೆ ಹುರಿದು ನೀರಿನಂಶ ಆರಿಸಿಕೊಳ್ಳಿ. ರುಚಿ ಹೆಚ್ಚು, ಬಾಳಿಕೆ ಕಡಿಮೆ.

ಬಾಗ್ದಾದಿ ಯಹೂದಿಗಳ ಬಾದಾಮಿ ಬಿಸ್ಕತ್ತು ಹಾಜಿ ಬಾದಾ ಇನ್ನೂ ಸುಲಭ. ಪುರಿಮ್ ಹಬ್ಬದಲ್ಲಿ ಇದಕ್ಕೆ ಸ್ವಲ್ಪ ಮೈದಾ ಸೇರಿಸುವುದುಂಟು, ಪಾಸೋವರ್‌ಗೆ ಅದನ್ನು ಬಿಟ್ಟರಾಯಿತು. 250 ಗ್ರಾಂ ಬಾದಾಮಿ ಪುಡಿ, 150 ಗ್ರಾಂ ಸಕ್ಕರೆ, ಒಂದು ಚಮಚ ಏಲಕ್ಕಿ ಪುಡಿ, ಎರಡು ಮೊಟ್ಟೆಯ ಬಿಳಿ. ಅಂಗೈಗೆ ಗುಲಾಬಿ ನೀರು ಸವರಿಕೊಂಡು ಉಂಡೆ ಮಾಡಿ, ತುಸು ಒತ್ತಿ, ಮೇಲೆ ಒಂದು ಬಾದಾಮಿ ಕೂರಿಸಿ ಅದೇ ಶಾಖದಲ್ಲಿ ಕಾಲು ಗಂಟೆ ಸುಡಿ. ಮನೆಯಲ್ಲಿ ಪುಡಿ ಮಾಡುವಾಗ ಬಾದಾಮಿಯ ಜೊತೆಗೇ ಸಕ್ಕರೆ ಹಾಕಿ ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿದರೆ ಎಣ್ಣೆ ಬಿಡುವುದಿಲ್ಲ.

ಸೋಡಾ, ಬೇಕಿಂಗ್ ಪೌಡರಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಉಬ್ಬಿಸುವುದೆಲ್ಲ ನಿಷಿದ್ಧ ಎಂದು ಜನ ಭಾವಿಸುತ್ತಾರೆ. ನಿಷೇಧವಿರುವುದು ಆ ಐದು ಧಾನ್ಯಗಳ ಹುದುಗಿಗೆ. ಅಡುಗೆ ಸೋಡಾ ಬರಿಯ ಲವಣ. ತೊಡಕಿರುವುದು ಬೇಕಿಂಗ್ ಪೌಡರಿಗೆ ಬೆರೆಸುವ ಮೆಕ್ಕೆಜೋಳದ ಪಿಷ್ಟದಲ್ಲಿ. ಐಸಿಂಗ್ ಸಕ್ಕರೆಯಲ್ಲೂ ಅದೇ ಪಿಷ್ಟ. ಅಶ್ಕೆನಾಜಿ ಮನೆಗಳು ಇವೆರಡನ್ನೂ ಬಿಡುತ್ತವೆ.

ಹಿಟ್ಟೇ ಬೇಕೆನ್ನುವವರಿಗೆ ಪುಣೆಯ ಉಪವಾಸದ ಅಂಗಡಿಗಳು ಅನುಕೂಲ. ಏಕಾದಶಿ, ಚತುರ್ಥಿಗೆಂದು ಮಾರುವ ರಾಜಗಿರ, ಶಿಂಗಾಡ, ಸಾಬುದಾನಿ ಆ ಐದು ಧಾನ್ಯಗಳಲ್ಲಿ ಸೇರಿಲ್ಲ. ಶಿಂಗಾಡ ಹಿಟ್ಟಿಗೆ ಕೊಬ್ಬರಿ ಎಣ್ಣೆ, ಸಕ್ಕರೆ ಸೇರಿಸಿ ತಟ್ಟಿದ ಬಿಸ್ಕತ್ತು ಬಾಯಲ್ಲಿ ಪುಡಿಪುಡಿಯಾಗಿ ಕರಗುತ್ತದೆ. ಆದರೆ ಬೀಸಿದ್ದು ಎಲ್ಲಿ ಎಂದು ಕೇಳಲೇಬೇಕು. ಗೋಧಿ ಬೀಸಿದ ಕಲ್ಲಿನಲ್ಲೇ ಇದನ್ನೂ ಬೀಸಿದ್ದರೆ ಕಲ್ಲಿಗಂಟಿದ ಗೋಧಿಹಿಟ್ಟು ಬಂದೇ ಬರುತ್ತದೆ. ಉಪವಾಸದ ಹಿಟ್ಟಿಗೆ ಬೇರೆ ದಿನ, ಬೇರೆ ಯಂತ್ರ ಇಟ್ಟುಕೊಂಡ ಗಿರಣಿಗಳಿದ್ದರೂ ಕಟ್ಟುನಿಟ್ಟಿನವರಿಗೆ ಮನೆಯ ಮಿಕ್ಸಿಯೇ ಸರಿ, ಅದೂ ಪಾಸೋವರ್‌ಗೆಂದೇ ಇಟ್ಟ ಜಾರ್‌ನಲ್ಲಿ.

ಪಂಚಾಂಗದ ಲೆಕ್ಕದಲ್ಲೂ ನೆಂಟಸ್ತಿಕೆಯಿದೆ. ಯಹೂದಿ ತಿಂಗಳುಗಳೂ ಚಂದ್ರನನ್ನೇ ನೋಡಿ ನಡೆಯುತ್ತವೆ, ಅಧಿಕಮಾಸವೂ ಉಂಟು. ಪುರಿಮ್ ಬರುವುದು ಸಾಮಾನ್ಯವಾಗಿ ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ. ಬೆನೆ ಇಸ್ರೇಲ್ ಮನೆಗಳಲ್ಲಿ ಅಂದು ಪೂರಣ ಪೋಳಿ. ಪಾಸೋವರ್ ಬಹುತೇಕ ಚೈತ್ರ ಹುಣ್ಣಿಮೆಗೆ, ಹನುಮಜ್ಜಯಂತಿಯ ಹೊತ್ತಿಗೆ. ಪುಣೆಯ ಆ ಒಣ ಬಿಸಿಲಿನಲ್ಲಿ ಮ್ಯಾಕರೂನ್ ಡಬ್ಬಿಯಲ್ಲಿ ವಾರಪೂರ್ತಿ ಚೆನ್ನಾಗಿರುತ್ತದೆ. ರೋಶ್ ಹಶಾನಾ ನವರಾತ್ರಿಯ ಹತ್ತಿರ ಬರುವುದರಿಂದ ಗಾಳಿಯಲ್ಲಿ ಇನ್ನೂ ಮಳೆಯ ತೇವ. ಆಗ ಬಿಸ್ಕತ್ತಿಗಿಂತ ಹಲ್ವಾ ಮೇಲು.

ಮಹಾರಾಷ್ಟ್ರ ಸರ್ಕಾರ 2016ರಲ್ಲಿ ಯಹೂದಿಗಳಿಗೆ ಅಲ್ಪಸಂಖ್ಯಾತ ಸಮುದಾಯದ ಸ್ಥಾನ ಕೊಟ್ಟಿತು. ಬಹಳಷ್ಟು ಕುಟುಂಬಗಳು ಆ ಮೊದಲೇ ಇಸ್ರೇಲಿಗೆ ಹೋಗಿ ನೆಲೆಸಿದ್ದವು. ಉಳಿದವರು ಕೆಲವೇ ಮಂದಿ. ಅವರ ನೆರೆಯಲ್ಲಿರುವ ಕನ್ನಡದ ಮನೆಗಳವರು ಪ್ರೀತಿಯಿಂದ ಏನಾದರೂ ಸುಟ್ಟು ಕೊಡಬೇಕೆಂದಿದ್ದರೆ ಮೊದಲು ಅವರ ಮನೆಯ ಪದ್ಧತಿ ಕೇಳಿ. ಸಾಮಾನು ಎಷ್ಟೇ ಶುದ್ಧವಿರಲಿ, ವರ್ಷವಿಡೀ ಕೇಕು, ಬ್ರೆಡ್ಡು ಬೇಯಿಸಿದ ಓವನ್ನಿನಿಂದ ಬಂದದ್ದನ್ನು ಕಟ್ಟುನಿಟ್ಟಿನ ಮನೆಯವರು ಪಾಸೋವರ್‌ನಲ್ಲಿ ತಿನ್ನಲಾರರು, ಒತ್ತಾಯ ಮಾಡಬಾರದು. ಅಂಥವರಿಗೆ ಇಡೀ ತೆಂಗಿನಕಾಯಿ, ಸಿಪ್ಪೆ ಸುಲಿಯದ ಹಣ್ಣು ಕೊಟ್ಟರೆ ಸಂತೋಷವಾಗಿ ತೆಗೆದುಕೊಳ್ಳುತ್ತಾರೆ. ಇನ್ನೂ ಒಳ್ಳೆಯದೆಂದರೆ ಹಬ್ಬದ ಮುನ್ನಾದಿನ ಅವರ ಮನೆಗೇ ಹೋಗಿ, ಅವರದೇ ತುರಿಮಣೆಯಲ್ಲಿ ಕಾಯಿ ತುರಿದುಕೊಟ್ಟು, ಅವರದೇ ತಟ್ಟೆಯಲ್ಲಿ ಜೊತೆಯಾಗಿ ಸುಡುವುದು.