ವ್ಯಸನಶಬ್ದವೂ ಮಹಾಂತಜೋಳಿಗೆಯೂ

ಎಸೆಯುವುದೆಂಬ ಅರ್ಥವುಳ್ಳ ‘ಅಸ್’ ಧಾತುವಿಗೆ ‘ವಿ’ ಎಂಬ ಉಪಸರ್ಗವು ಸೇರಿ ವ್ಯಸನಶಬ್ದವು ನಿಷ್ಪನ್ನವಾಗಿದೆ. ಮನುಷ್ಯನನ್ನು ಶ್ರೇಯಸ್ಸಿನಿಂದ ದೂರಕ್ಕೆ ಎಸೆಯುವುದು ಯಾವುದೋ ಅದೇ ವ್ಯಸನ. ಕೌಟಿಲ್ಯನು ಅರ್ಥಶಾಸ್ತ್ರದ 8ನೆಯ ಅಧಿಕರಣವನ್ನು ಈ ವಿಷಯಕ್ಕೇ ಮೀಸಲಿಟ್ಟನು. ಮನುಸ್ಮೃತಿಯ 7ನೆಯ ಅಧ್ಯಾಯವು ಕಾಮದಿಂದ ಹುಟ್ಟುವ 10, ಕ್ರೋಧದಿಂದ ಹುಟ್ಟುವ 8 ವ್ಯಸನಗಳನ್ನು ಎಣಿಸಿ, ಕಾಮಜಗಳಲ್ಲಿ ಅತಿಕಷ್ಟವಾದ ನಾಲ್ಕರ ಮೊದಲಿಗೆ ಪಾನವನ್ನಿಡುತ್ತದೆ; ವ್ಯಸನವು ಮೃತ್ಯುವಿಗಿಂತಲೂ ಕಷ್ಟವಾದುದೆಂದು ಸಾರುತ್ತದೆ. ಈ ಎರಡು ಗ್ರಂಥಗಳ ಉಪದೇಶವೂ ಮುಖ್ಯವಾಗಿ ಅರಸನನ್ನು ಕುರಿತದ್ದು. ಜೈನರ ಸಪ್ತವ್ಯಸನತ್ಯಾಗದಲ್ಲಿ ಗೃಹಸ್ಥನೂ ಅದಕ್ಕೆ ಪಾತ್ರನಾದನು. ಆದರೆ ಅಲ್ಲಿಯೂ ತ್ಯಾಗವು ಅವರವರ ವ್ರತವೇ ಹೊರತು ಊರಿನ ಕಾರ್ಯವಲ್ಲ.

ಅದನ್ನು ಊರಿನ ಕಾರ್ಯವನ್ನಾಗಿ ಮಾಡಿದವರಲ್ಲಿ ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತಸ್ವಾಮಿಗಳು ಅಗ್ರಗಣ್ಯರು. ಜಂಗಮನ ಜೋಳಿಗೆಗೆ ಗೃಹಸ್ಥರು ಧಾನ್ಯವನ್ನು ನೀಡುವುದು ರೂಢಿ. ಇವರು 1975ರಲ್ಲಿ ಜೋಳಿಗೆಯನ್ನು ಹಿಡಿದು ಹೊರಟು, ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಬೀಡಿ, ತಂಬಾಕು ಮೊದಲಾದುವನ್ನು ಜೋಳಿಗೆಗೆ ಹಾಕಿ, ಇನ್ನು ಮುಟ್ಟೆನೆಂದು ಮಾತು ಕೊಡುವುದೇ ಅದರ ಕ್ರಮ. ಇದರಿಂದ ವ್ಯಸನಿಯು ಅಪರಾಧಿಯಾಗಿ ತಲೆ ತಗ್ಗಿಸದೆ ದಾನಿಯಾಗಿ ನಿಲ್ಲುವನು. ನಾಲ್ವರೆದುರು ಕೊಟ್ಟುದನ್ನು ಮರಳಿ ಕೊಳ್ಳಲು ನಾಚುವನು. ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ಕರ್ಣಾಟಕದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸಲ್ಪಡುತ್ತಿದೆ.

ಅಣೆಕಟ್ಟಿನ ಹೊಸಪೇಟೆ, ಯಾತ್ರಿಕರ ಹಂಪೆ, ಕಬ್ಬಿಣದ ಅದಿರಿನ ಸಂಡೂರು, ಬತ್ತದ ಬಯಲಿನ ಕಂಪ್ಲಿ—ಈ ನಾಲ್ಕೆಡೆಗಳ ಅಧ್ಯಾಪಕರಿಗೆ ಆ ದಿನ ಹೇಳಲು ತಮ್ಮ ನೆಲದ ಚರಿತ್ರೆಯೇ ಒದಗುತ್ತದೆ. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕನು ಇಲ್ಲಿಯ ತಾಂಬೂಲವನ್ನು ಹೊಗಳಿದ್ದಾನೆ. ಆ ತಾಂಬೂಲದಲ್ಲಿ ತಂಬಾಕಿರಲಿಲ್ಲ. ಅಮೆರಿಕಾ ಖಂಡದ ಆ ಸಸ್ಯವು ಪೋರ್ಚುಗೀಸರ ಮೂಲಕ ಆಮೇಲೆ ಭರತಖಂಡಕ್ಕೆ ಬಂದಿತು. 17ನೆಯ ಶತಮಾನದ ಆದಿಯಲ್ಲಿ ಅಕ್ಬರನ ದೂತನಾದ ಅಸದ್ ಬೇಗನು ಅದನ್ನು ಬಿಜಾಪುರದಲ್ಲಿ ಕಂಡು, ಹೊಸ ಪದಾರ್ಥವೆಂದು ಬಾದಶಹನಿಗೆ ಕೊಂಡೊಯ್ದನು. ಹೊಗೆಸೊಪ್ಪು ಎಂಬ ಕನ್ನಡದ ಹೆಸರೂ ಹೊಗೆ, ಸೊಪ್ಪು ಎಂಬ ಹಳೆಯ ಮಾತುಗಳೆರಡನ್ನು ಕೂಡಿಸಿ ಹೊಸ ವಸ್ತುವಿಗೆ ಇಟ್ಟುದು. ಆದುದರಿಂದ ಎಲೆಯಡಿಕೆಯ ನೆವದಿಂದ ಗುಟ್ಕಾವನ್ನು ಹಿರಿಯರ ಸಂಪ್ರದಾಯವೆನ್ನುವುದು ಸಲ್ಲದು.

ಶಾಸನದ ಬಲವೂ ಉಂಟು. 2003ರ ಕೇಂದ್ರಶಾಸನವು ವಿದ್ಯಾಸಂಸ್ಥೆಗಳಿಂದ 100 ಗಜಗಳೊಳಗೆ ತಂಬಾಕಿನ ಮಾರಾಟವನ್ನು ನಿಷೇಧಿಸಿತು. 2015ರ ಬಾಲನ್ಯಾಯ ಶಾಸನವು, ವೈದ್ಯರ ಆಜ್ಞೆಯಿಲ್ಲದೆ ಮಕ್ಕಳಿಗೆ ಮದ್ಯ, ಮಾದಕವಸ್ತು, ತಂಬಾಕುಗಳನ್ನು ಕೊಡುವವರಿಗೆ 7 ವರ್ಷಗಳವರೆಗೆ ಕಠಿಣ ಸೆರೆಯನ್ನು ವಿಧಿಸುತ್ತದೆ. ಆದರೆ ಶಾಸನವು ಅಂಗಡಿಯನ್ನು ಕಾಯಬಲ್ಲುದು. ಮನೆಯ ಜಗಲಿಯನ್ನು ಕಾಯಲಾರದು. ತಂದೆಯ ಬೀಡಿಯನ್ನು ಅಂಗಡಿಯಿಂದ ತರುವ ಬಾಲಕನು ಬೆಳಿಗ್ಗೆ ಸಾಲಿನಲ್ಲಿ ನಿಂತು ಪ್ರತಿಜ್ಞೆಯನ್ನು ಒಪ್ಪಿಸಿದರೆ ಅದು ಬಾಯಿಪಾಠವಾಗುವುದಲ್ಲದೆ ವ್ರತವಾಗದು.

ಜೋಳಿಗೆಯ ತತ್ತ್ವವನ್ನು ಶಾಲೆಯು ಗ್ರಹಿಸಬೇಕಾದುದು ಇಲ್ಲಿಯೇ. ಅದಕ್ಕೆ ಹಾಕತಕ್ಕದ್ದು ಬಾಲಕನಲ್ಲಿ ಏನೂ ಇಲ್ಲದಿರುವುದು ಊರಿನ ಭಾಗ್ಯ; ಅವನು ಜೋಳಿಗೆಯನ್ನು ಹಿಡಿಯತಕ್ಕವನು. ಅದಕ್ಕೆ ಮೊದಲ ಭಿಕ್ಷೆಯನ್ನು ನೀಡತಕ್ಕವರು ತಂದೆತಾಯಿಗಳು, ಅಧ್ಯಾಪಕರು ಮತ್ತು ಶಾಲೆಯ ಬೀದಿಯ ವರ್ತಕರು.