ಹೊಸಪೇಟೆಯಲ್ಲಿ ಬಾಡಿಗೆ ಮನೆ ಯಾಕೆ ಸಿಗುತ್ತಿಲ್ಲ?

ಹೊಸಪೇಟೆಯಲ್ಲಿ ಬಾಡಿಗೆ ಮನೆ ಸಿಗದಿದ್ದಾಗ ಮಾಲೀಕರನ್ನು ಬೈಯುವ ಮೊದಲು ಊರಿನ ನಕ್ಷೆ ನೋಡಿ. ಪಶ್ಚಿಮಕ್ಕೆ ತುಂಗಭದ್ರಾ ಜಲಾಶಯ, ದಕ್ಷಿಣಕ್ಕೆ ಸಂಡೂರಿನ ಬೆಟ್ಟಸಾಲು, ಈಶಾನ್ಯಕ್ಕೆ ಹಂಪಿ. ಹಂಪಿ 1986ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿತು. ಅದರ ಸುತ್ತಲಿನ ಹಳ್ಳಿಗಳಲ್ಲೂ ಕಟ್ಟಡಗಳಿಗೆ ನಿರ್ಬಂಧಗಳಿವೆ. ಹೀಗೆ ಮೂರು ಕಡೆ ಬಿಗಿಯಾದ ಊರು 2021ರಲ್ಲಿ ವಿಜಯನಗರ ಜಿಲ್ಲಾ ಕೇಂದ್ರವಾಯಿತು. ಕಚೇರಿಗಳ ಹಿಂದೆ ನೌಕರರೂ ಬಂದರು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಓಡಾಡುವವರಿಗೂ ಇಲ್ಲೇ ಮನೆ ಬೇಕು. ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಟ್ಟ ಕೋಣೆಯಂತೂ ತಿಂಗಳ ಬಾಡಿಗೆದಾರರ ಪಾಲಿಗೆ ಇಲ್ಲವಾದಂತೆಯೇ.

ಹಾಗಾದರೆ ಹಂಪಿಯ ನಿಯಮ ಸಡಿಲಿಸಬಹುದಲ್ಲ ಎನ್ನುತ್ತಾರೆ. ಬೇಡ. 2011ರಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿ ನೆಲೆಸಿದ್ದವರನ್ನು ತೆರವುಗೊಳಿಸಿದರು. ಕಾನೂನಿನ ನೆಲೆಯಿಲ್ಲದ ಕಡೆ ಸೂರು ಮಾಡಿಕೊಂಡರೆ ಮೊದಲು ಬೀದಿಗೆ ಬೀಳುವವರು ಬಡವರೇ. ಹತ್ತಿರದ ಕಂಪ್ಲಿಯಲ್ಲಿ ಮನೆ ಹಿಡಿದು ಹೊಸಪೇಟೆಗೆ ಓಡಾಡಿ ಎಂಬ ಸಲಹೆಯಲ್ಲಿ ಸ್ವಲ್ಪ ಸತ್ಯವಿದೆ. 2023ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಬಸ್ ಟಿಕೆಟ್ ಖರ್ಚೂ ಇಲ್ಲ. ಆದರೆ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕನಿಗೂ, ಶಾಲೆಗೆ ಹೋಗುವ ಮಗುವಿರುವ ತಾಯಿಗೂ ದಿನಕ್ಕೆ ಕಳೆದುಹೋಗುವ ಗಂಟೆಗಳನ್ನು ಯಾವ ಯೋಜನೆ ತುಂಬಿಕೊಡುತ್ತದೆ? ಜಿಲ್ಲೆ ಮಾಡಿದ್ದು ಸರ್ಕಾರ. ಬೇಡಿಕೆ ಏರಿಸಿದ್ದೂ ಅದೇ ನಿರ್ಧಾರ. ಹಾಗಾಗಿ ಹೊಸ ಕಚೇರಿಗಳ ಜೊತೆಗೇ ಸಿಬ್ಬಂದಿಗೆ ವಸತಿಗೃಹ ಕಟ್ಟಬೇಕು. ನೌಕರರು ಅಲ್ಲಿಗೆ ಹೋದರೆ ಅವರು ಬಿಟ್ಟ ಮನೆಗಳು ಹೋಟೆಲು, ಅಂಗಡಿ, ಲಾರಿಗಳಲ್ಲಿ ದುಡಿಯುವ ಕುಟುಂಬಗಳಿಗೆ ಸಿಗುತ್ತವೆ. ಖಾಸಗಿಯವರೇ ಕಟ್ಟಲಿ ಅನ್ನುವವರಿಗೆ ಒಂದೇ ಮಾತು: ಸೈಟಿನ ದರ ಏರುತ್ತಿರುವ ಊರಲ್ಲಿ ಕಡಿಮೆ ಬಾಡಿಗೆಯ ಮನೆ ಕಟ್ಟಲು ಅವರಿಗೆ ಕಾರಣವೇ ಇಲ್ಲ.